ಇನ್ಸ್‌ಪೆಕ್ಷನ್ ಅಕ್ಕೋರು

"ಕೈಗೆ ಲಕ್ವಾ ಹೊಡದೈತೇನಬೇ? ಜೋರಾಗಿ ತಿಕ್ಕು! ಮುಂಜಾನಿಂದ ಒಂದ ಬೇಸಿನ್ ಹಿಡಕೊಂಡ ಕುಂತಾಳ, ಹಲ್ಕಟ್ ಹೆಂಗಸು!"

ಕ್ಲಾರ್ಕ್ ಮುರುಗೆಪ್ಪ ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಸತ್ಯವ್ವ ತಲೆ ಎತ್ತಲಿಲ್ಲ. ಮೂರ್ತಿ ಮಾಡುವ ಕೋಣೆಯ ಬೇಸಿನ್ನಿನ ತೂತಿನಲ್ಲಿ ಹುಡುಗರು ಚೆಲ್ಲಿದ ಪ್ಲಾಸ್ಟರ್ ಕಲ್ಲಾಗಿ ಕೂತಿತ್ತು. ಹಳೆಯ ಸ್ಕ್ರೂಡ್ರೈವರಿನಿಂದ ಅದನ್ನು ಚೂರು ಚೂರೇ ಎಬ್ಬಿಸಬೇಕು. ಜೋರು ಮಾಡಿದರೆ ಬೇಸಿನ್ನು ಸೀಳುತ್ತದೆ. ಸೀಳಿದರೆ ಬೈಗುಳ ಇಷ್ಟಕ್ಕೇ ನಿಲ್ಲುವುದಿಲ್ಲ.

"ಪ್ಲಾಸ್ಟರ್ ಐತ್ರಿ ಮುರುಗೆಪ್ಪಣ್ಣ. ನೀರ ಹಾಕಿದಂಗೆಲ್ಲಾ ಗಟ್ಟಿ ಆಗತೈತಿ."

"ನನಗ ಪಾಠಾ ಹೇಳಾಕ ಬರಬ್ಯಾಡ. ನೀ ಏನ ಇಲ್ಲೆ ಪ್ರೊಫೆಸರ್ ಅದಿಯೇನ?"

ಅದೇ ದಿನ ಮಧ್ಯಾಹ್ನದೊಳಗೆ ಸತ್ಯವ್ವ ಪ್ರೊಫೆಸರ್ ಆದಳು.

ಹುಬ್ಬಳ್ಳಿ ಬೆಂಗೇರಿಯ ಆ ಕಟ್ಟಡ ಮೊದಲು ಹತ್ತಿ ಗೋದಾಮು. ಸತ್ಯವ್ವನ ಗಂಡ ಗೋವಿಂದಪ್ಪ ಇಪ್ಪತ್ತೆರಡು ವರ್ಷ ಅಲ್ಲಿ ಹಮಾಲಿ ಮಾಡಿ, ಹತ್ತಿಯ ಧೂಳು ನುಂಗಿ, ಕೆಮ್ಮಿ ಕೆಮ್ಮಿ ಸತ್ತಿದ್ದ. ಹತ್ತಿಯ ವ್ಯಾಪಾರ ಇಳಿದ ಮೇಲೆ ಮಾಲೀಕರ ಮಗ ಬಸವಕಿರಣ ಎರಡು ವರ್ಷ ಮುಂಬೈಯಲ್ಲಿದ್ದು ಬಂದ. ಬಂದವನೇ ಗೋದಾಮಿನ ಮುಂಭಾಗಕ್ಕೆ ಗಾಜು ಹಚ್ಚಿಸಿದ, ಹತ್ತಿಯ ಅಂಡಿಗೆ ಒಟ್ಟುತ್ತಿದ್ದ ಜಾಗದಲ್ಲಿ ಪ್ಲೈವುಡ್ ಗೋಡೆ ಎಬ್ಬಿಸಿದ, 'ಸಿರಿವರ್ಣ ಸ್ಕೂಲ್ ಆಫ್ ಆರ್ಟ್ ಅಂಡ್ ಡಿಸೈನ್' ಎಂದು ಆಳೆತ್ತರದ ಅಕ್ಷರದಲ್ಲಿ ಬೋರ್ಡು ಏರಿಸಿದ. "ಹತ್ತಿಗಿಂತ ಹಗುರ ಮಾಲಪಾ ಇದು, ತೇವಾ ಹಿಡಿಯೂದಿಲ್ಲ, ಬೆಂಕಿ ಹತ್ತೂದಿಲ್ಲ" ಎಂದು ಗೆಳೆಯರ ಮುಂದೆ ನಗುತ್ತಿದ್ದ. ಹಮಾಲನ ಹೆಂಡತಿಯೆಂದು ಸತ್ಯವ್ವನನ್ನು ಕಸ ಗುಡಿಸಲು ಇಟ್ಟುಕೊಂಡ.

ಅಂದು ಬೆಂಗಳೂರಿನಿಂದ ಮಂಡಳಿಯವರು ಬರುವವರಿದ್ದರು. ಅವರು ನೋಡಿ ಒಪ್ಪಿದರೇ ಶಾಲೆಗೆ ಮಾನ್ಯತೆ. ಮಾನ್ಯತೆಗೆ ಹದಿನೈದು ಬೋಧಕರು ಬೇಕು. ಸಿರಿವರ್ಣದಲ್ಲಿ ಇದ್ದವರು ಇಬ್ಬರು. ಉಳಿದವರನ್ನು ಒಂದು ದಿನದ ಮಟ್ಟಿಗೆ ಕರೆಸುವುದು ಇಂಥ ಕಡೆ ನಡೆದುಬಂದ ರೂಢಿ. ಬೆಳಗಾವಿಯಿಂದ ನಾಲ್ವರು, ಗದಗಿನಿಂದ ಮೂವರು, ಅಂಗಡಿ ಬೋರ್ಡು ಬರೆಯುವವನೊಬ್ಬ, ಹೀಗೆ ಬಂದವರೆಲ್ಲ ಕೊಟ್ಟ ಕೋಟು ಹಾಕಿಕೊಂಡು ಕೂತು, ತೋರಿಸಿದ ಕಡೆ ಸಹಿ ಹಾಕಿ, ಊಟ ಮಾಡಿ ಹೋಗುತ್ತಿದ್ದರು. ಹಸ್ತಕಲೆ ವಿಭಾಗಕ್ಕೆಂದು ಗೊತ್ತು ಮಾಡಿದ್ದ ಹೆಂಗಸು ಮಾತ್ರ ಅಂದು ಫೋನು ಎತ್ತಲಿಲ್ಲ.

ಪ್ರಿನ್ಸಿಪಾಲ್ ರಾಜೇಶ್ವರಿ ಬೆವರು ಒರೆಸಿಕೊಳ್ಳುತ್ತ ಹಾಲಿನಲ್ಲಿ ಅತ್ತಿಂದಿತ್ತ ತಿರುಗಿದಳು. ಗೋಡೆಗೆ ಚಂದಕ್ಕೆಂದು ತೂಗುಬಿಟ್ಟಿದ್ದ ಹಳೆ ಬಟ್ಟೆಯ ಕೌದಿಯ ಮುಂದೆ ನಿಂತಳು. ನೋಡಿದಳು. ನೇರ ಬೇಸಿನ್ನಿನ ಕೋಣೆಗೆ ಬಂದಳು.

"ಏ, ಆ ಕೌದಿ ಹೊಲದಾಕಿ ನೀನ ಅಲ್ಲಾ?"

"ಹೂಂನ್ರಿ ಬಾಯಾರ."

"ಸಹಿ ಮಾಡಾಕ ಬರತೈತಿ?"

"ಬರತೈತ್ರಿ. ಓದಾಕ ಬರ್ಯಾಕನೂ ಬರತೈತಿ. ನಮ್ಮ ಓಣ್ಯಾಗ ದೊಡ್ಡವರ ಸಾಲಿ ನಡಸ್ತಿದ್ರು…"

"ಪುರಾಣಾ ಬ್ಯಾಡ. ಎದ್ದೇಳು, ಕೈ ತೊಳಕೋ."

ಸೀರೆ ಬೇಕಾಯಿತು. ಗೋದಾಮಿನ ಹಿಂದೆಯೇ ಬಸವಕಿರಣನ ಮನೆ. ಸತ್ಯವ್ವ ಹಿತ್ತಲಿನ ಕಲ್ಲಿನ ಹತ್ತಿರ ನಿಂತಳು. ಅವನ ತಾಯಿ ಮುರಿಗೆವ್ವ ಹೊಸಲಿನ ಒಳಗಿನಿಂದಲೇ ಒಂದು ಕಂದು ಬಣ್ಣದ ರೇಷ್ಮೆ ಸೀರೆಯನ್ನು ಅಂಗಳಕ್ಕೆ ಎಸೆದಳು.

"ಒಗದ ತರೂದೂ ಬ್ಯಾಡ, ಮಡಚಿ ತರೂದೂ ಬ್ಯಾಡ, ನೀನ ಇಟಗೋ. ನೀ ಉಟ್ಟದ್ದನ್ನ ನಾ ಇನ್ನ ಪೂಜಿಗೆ ಉಟ್ಟಕೊಂಡ ಕುಂದರಲೇನು?" ಆಮೇಲೆ ಮಗನ ಕಡೆ ತಿರುಗಿ, "ಏನ ಪಾಳಿ ಬಂತೋ ಕಿರಣಾ ನಿನಗ, ಇಂಥಾವರನ್ನ ಅಕ್ಕೋರ ಮಾಡೂವಂಗ ಆತು."

"ಒಂದ ತಾಸಿನ ಮಾತಬೇ ಯವ್ವಾ. ನಾಳಿಗೆ ಮತ್ತ ಕಸಬರಗಿ ಆಕಿ ಕೈಯಾಗ ಇರತೈತಿ." ಬಸವಕಿರಣ ಸತ್ಯವ್ವನತ್ತ ಬೆರಳು ಮಾಡಿದ. "ನೋಡು, ಇವತ್ತ ನಿನ್ನ ಹೆಸರ ಸತ್ಯವತಿ ಮೇಡಂ. ಕೇಳಿದ್ದಕ್ಕ ಹೂಂ ಅನ್ನು, ಉಳದದ್ದು ರಾಜೇಶ್ವರಿ ನೋಡಕೋತಾಳ. ಬಾಯಿ ಬಿಟ್ಟೆಂದ್ರ ನೆಪ್ಪಿಡು, ನಾ ಸುಮ್ನಿರೂ ಮನಶ್ಯಾ ಅಲ್ಲ."

ಮಂಡಳಿಯವರು ಮೂವರು. ಅವರಲ್ಲಿ ಗಿಡ್ಡ ಕೂದಲಿನ ಹೆಂಗಸೊಬ್ಬಳು ಕೌದಿಯ ಮುಂದೆ ನಿಂತುಬಿಟ್ಟಳು.

"ಮೇಡಂ, ನೀವು ಮಕ್ಕಳಿಗೆ ಪಾಠ ಎಲ್ಲಿಂದ ಶುರು ಮಾಡ್ತೀರ?"

ರಾಜೇಶ್ವರಿ ಬಾಯಿ ತೆರೆದಳು. ಆ ಹೆಂಗಸು ಕೈ ಅಡ್ಡ ಹಿಡಿದು, "ಅವರೇ ಹೇಳಲಿ" ಎಂದಳು.

ಸತ್ಯವ್ವ ರಾಜೇಶ್ವರಿಯ ಮುಖ ನೋಡಿದಳು. ಆದರೆ ಕೇಳಿದ್ದು ಕೌದಿಯ ಮಾತು. ಆ ಮಾತಿಗೆ ಅವಳು ಯಾರ ಮುಖವನ್ನೂ ನೋಡಬೇಕಿರಲಿಲ್ಲ.

"ಮೊದಲ ಅರಿವಿ ಮುಟ್ಟಿ ನೋಡಬೇಕ್ರಿ, ಯಾವುದ ಎಷ್ಟ ಸವದೈತಿ ಅಂತ. ಸವದದ್ದು ನಡುವ ಬರಬೇಕು, ಗಟ್ಟಿ ಇದ್ದದ್ದು ಅಂಚಿಗೆ ಹೋಗಬೇಕು. ಹೊಸಾ ಅರಿವಿ ಹಳೇದರ ಮಗ್ಗಲಕ ಹಚ್ಚಬಾರದು, ಜಗ್ಗಿ ಹರೀತೈತಿ. ದಾರಾನೂ ಭಾಳ ಬಿಗೀಬಾರದ್ರಿ. ಬಿಗದ್ರ ಕೌದಿ ಉಸರ ಕಟ್ಟತೈತಿ."

ಹೇಳುತ್ತ ಹೇಳುತ್ತ ಸೂಜಿ ಹಿಡಿದಳು. ಮುಂದಿನ ಸಾಲಿನ ಇಪ್ಪತ್ತು ಹುಡುಗ ಹುಡುಗಿಯರು ಎದ್ದು ಸುತ್ತ ನೆರೆದರು. ಆ ಕಟ್ಟಡದಲ್ಲಿ ಅಂಥ ಪಾಠ ಅದಕ್ಕೆ ಮೊದಲು ಆಗಿರಲಿಲ್ಲ. "ಇಂಥ ಬೋಧಕರು ನಮಗೆ ಬೆಂಗಳೂರಿನಲ್ಲೇ ಸಿಗೋಲ್ಲ" ಎಂದು ಗಿಡ್ಡ ಕೂದಲಿನ ಹೆಂಗಸು ಬರೆದುಕೊಂಡಳು. ಸತ್ಯವ್ವ ತಲೆಯ ಮೇಲೆ ಸೆರಗು ಹೊದ್ದು, ಸೂಜಿ ಹಿಡಿದು ಕೂತಂತೆ ಫೋಟೋ ತೆಗೆದರು. ಎರಡು ಪುಸ್ತಕಗಳಲ್ಲಿ ಸಹಿ ತೆಗೆದುಕೊಂಡರು.

ನಾಲ್ಕು ಗಂಟೆಗೆ ಬೆಂಗಳೂರಿನ ಕಾರು ಹೋಯಿತು. ನಾಲ್ಕೂ ಕಾಲಿಗೆ ಮುರುಗೆಪ್ಪ ಬಂದ.

"ಪ್ರೊಫೆಸರ್ ಮೇಡಂ, ಪಾಯಖಾನಿ ತೊಳದ ಮನಿಗೆ ದಯಮಾಡಸ್ರಿ."

ರೇಷ್ಮೆ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡು ಸತ್ಯವ್ವ ಬಕೆಟು ಎತ್ತಿದಳು.

ಮಾನ್ಯತೆ ಸಿಕ್ಕ ಮೇಲೆ ಸಿರಿವರ್ಣ ಏರಿದ ರೀತಿಯನ್ನು ಹುಬ್ಬಳ್ಳಿಯೇ ನೋಡಿತು. ಧಾರವಾಡದ ರಸ್ತೆಯುದ್ದಕ್ಕೂ ಅದರ ಫಲಕ, ಎಲ್ಲ ಫಲಕದಲ್ಲೂ ಸತ್ಯವ್ವನ ಮುಖ. ಕೆಳಗೆ 'ಪ್ರೊ. ಸತ್ಯವತಿ: ಪರಂಪರೆಯೇ ನಮ್ಮ ಗುರು' ಎಂಬ ಬರಹ. ನಲವತ್ತು ಇದ್ದ ಮಕ್ಕಳು ಮುನ್ನೂರಾದರು. ಹಳ್ಳಿಗಳಿಂದ ತಾಯಿ-ತಂದೆಯರು ಮಗಳ ಕೈಹಿಡಿದು ಬಂದು ಗಾಜಿನ ಬಾಗಿಲಿಗೆ ಮುಖ ತಾಗಿಸಿ ನಿಲ್ಲುತ್ತಿದ್ದರು. ಎಳೆಯಬೇಕೋ ತಳ್ಳಬೇಕೋ ತಿಳಿಯದು. ಸತ್ಯವ್ವ ಕಸಬರಿಗೆ ಗೋಡೆಗೊರಗಿಸಿ ಬಾಗಿಲು ತೆಗೆದುಕೊಡುತ್ತಿದ್ದಳು. ಫಲಕದ ಮುಖ ಇದೇ ಎಂದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ. ಒಳಗಿನ ಹುಡುಗರಿಗೆ ಗೊತ್ತಿತ್ತು. ಅವರು ಅವಳಿಗೆ 'ಇನ್ಸ್‌ಪೆಕ್ಷನ್ ಅಕ್ಕೋರು' ಎಂದು ಹೆಸರಿಟ್ಟಿದ್ದರು. ಆಮೇಲೆ ಎರಡು ಸಲ ಮಂಡಳಿಯವರು ಬಂದರು, ಎರಡು ಸಲವೂ ಅವಳು ಅದೇ ಸೀರೆ ಉಟ್ಟಳು.

ಮಗಳು ಮಾಯಾ ಪಿಯುಸಿ ಮುಗಿಸಿದಾಗ ಸತ್ಯವ್ವ ಮೊದಲ ಸಲ ಬಾಯಿ ಬಿಟ್ಟು ಒಂದು ಸೀಟು ಕೇಳಿದಳು. ಬಸವಕಿರಣ ನಕ್ಕುಬಿಟ್ಟ.

"ಕೊಡೂಣಂತ. ನೀ ನಮ್ಮ ಫ್ಯಾಕಲ್ಟಿ ಅಲ್ಲಾ ಮತ್ತ! ಸೀಟ ಫ್ರೀ. ಆದ್ರ ನಿನ್ನ ಬಾಯಿಗೆ ಕೀಲಿ. ಹೊರಗ ಯಾರ ಕೇಳಿದ್ರೂ ನೀ ಕಲಸಾಕಿ."

ಮಾಯಾಳ ಮೂಲ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಟಿಸಿ ಎಲ್ಲ ಆಫೀಸಿನ ಉಕ್ಕಿನ ಕಪಾಟು ಸೇರಿದವು. ಮುನ್ನೂರು ಮಕ್ಕಳವೂ ಅಲ್ಲೇ ಇದ್ದವು. ನಡುವೆ ಬಿಟ್ಟು ಹೋಗಬಾರದೆಂದು ಹಾಗೆ ಇಟ್ಟುಕೊಳ್ಳುತ್ತಿದ್ದರು. ಸತ್ಯವ್ವ ಮಗಳಿಗೆ ಸೀಟು ಸಿಕ್ಕ ಖುಷಿಯಲ್ಲಿ ಅದನ್ನು ಲೆಕ್ಕಿಸಲಿಲ್ಲ.

ಎರಡನೆಯ ವರ್ಷ ಒಂದು ದೊಡ್ಡ ಹೋಟೆಲಿನ ಹಾಲಿನಲ್ಲಿ ಪ್ರದರ್ಶನ ಇಟ್ಟರು. ಅದಕ್ಕೆಂದು ಸತ್ಯವ್ವ ಮೂರು ತಿಂಗಳು ಕೂತು ಹೊಲಿದ ಕೌದಿಯ ಕೆಳಗೆ 'ಸಿರಿವರ್ಣ ಡಿಸೈನ್ ತಂಡ' ಎಂಬ ಚೀಟಿ. ಅವಳ ಮನೆತನದಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಉಗುರಿನಷ್ಟು ಜೋಳದ ರೊಟ್ಟಿ ಇಡುತ್ತಾರೆ. ಕೌದಿ ಹಸಿದಿರಬಾರದು ಅಂತ. ಸಾರಿಗೆ ಉಪ್ಪು ಹಾಕಿದಷ್ಟೇ ಸಹಜವಾಗಿ ಅವಳು ಇದಕ್ಕೂ ಇಟ್ಟಿದ್ದಳು. ಮನೆಯ ಕೌದಿಯಾದರೆ ದಿನಾ ಕೊಡವುತ್ತಾರೆ, ಬಿಸಿಲಿಗೆ ಹಾಕುತ್ತಾರೆ, ಏನೂ ಆಗುವುದಿಲ್ಲ. ಇದು ಎಂಟು ದಿನ ಗೋಡೆಗೆ ತೂಗಿತು. ಒಂಬತ್ತನೆಯ ದಿನ ಮುಂಬೈಯ ಬಟ್ಟೆ ವ್ಯಾಪಾರಿಯೊಬ್ಬ ಮುಟ್ಟಿ ನೋಡಲು ಕೈ ಚಾಚಿದಾಗ ಬಿಳಿ ಗೋಡೆಯ ಮೇಲೆ ಇರುವೆಯ ಸಾಲು ಮೂಲೆಯ ತನಕ ಏರಿತ್ತು.

ಸತ್ಯವ್ವನನ್ನು ಹೋಟೆಲಿನ ಹಿಂಬಾಗಿಲಿನಿಂದ ಕರೆಸಿದರು.

"ಏನ ತುಂಬೀದಿ ಇದರಾಗ, ಹೊಲಸು?" ರಾಜೇಶ್ವರಿ ಕತ್ತರಿ ಕೈಗಿಟ್ಟಳು. "ಎಲ್ಲಾರ ಮುಂದ ಬಿಚ್ಚು. ನೋಡಲಿ."

ಸತ್ಯವ್ವ ಮೂಲೆ ಬಿಚ್ಚಿದಳು. ಅಂಗೈಗೆ ರೊಟ್ಟಿಯ ಚೂರು ಬಿತ್ತು.

"ಥೂ! ರೊಟ್ಟಿ! ಕೇರಿ ಬುದ್ಧಿ ಎಲ್ಲಿಗ ಕರಕೊಂಡ ಬಂದ್ರೂ ಬಿಡಂಗಿಲ್ಲ ನೋಡ್ರಿ ಇವು."

"ಹಸದ ಕೌದಿ ಹೊತಗೊಂಡ್ರ ನಿದ್ದಿ ಹತ್ತೂದಿಲ್ರಿ ಬಾಯಾರ."

ಹಾಲಿಗೆ ಹಾಲೇ ನಕ್ಕಿತು. ಕಪ್ಪು ಟೀ ಶರ್ಟು ಹಾಕಿಕೊಂಡು ನಿಂತ ಹುಡುಗಿಯರ ಗುಂಪಿನಲ್ಲಿ ಮಾಯಾ ಇದ್ದಳು. ಅವಳು ನಗಲಿಲ್ಲ. ಬಗ್ಗಿ ಫೋನು ನೋಡುತ್ತಿದ್ದಳು, ಆ ಹೆಂಗಸು ತನಗೆ ಯಾರೂ ಅಲ್ಲ ಎನ್ನುವಂತೆ. ಸತ್ಯವ್ವ ಇರುವೆಗಳನ್ನು ಊದಿ, ಆ ಚೂರನ್ನು ತನ್ನ ಬಾಯಿಗೇ ಹಾಕಿಕೊಂಡು ಅಗಿಯುತ್ತ ಹಿಂಬಾಗಿಲಿನಿಂದ ಹೊರಗೆ ನಡೆದಳು.

ಮೂರನೆಯ ವರ್ಷ ಇಳಿತ. ಮೊದಲು ಇದ್ದ ಇಬ್ಬರು ಮೇಷ್ಟ್ರುಗಳು ಬಿಟ್ಟರು. ಒಂದು ಮಧ್ಯಾಹ್ನ ಟೆಂಪೊ ಬಂದು ಬಾಡಿಗೆಯ ಕಂಪ್ಯೂಟರುಗಳನ್ನು ಹೇರಿಕೊಂಡು ಹೋಯಿತು. ಹುಡುಗರು ಖಾಲಿ ಮೇಜಿನ ಮುಂದೆ ಕೂತು ಒಬ್ಬರ ಚಿತ್ರ ಒಬ್ಬರು ಬರೆದರು, ಬರೆದು ಬೇಸತ್ತು ಸತ್ಯವ್ವನ ಚಿತ್ರ ಬರೆದರು. ಪರೀಕ್ಷೆ ಬರಲಿಲ್ಲ. ರಾಜೇಶ್ವರಿ ಪುಣೆಗೆ ಹೋದಳು, ತಿರುಗಿ ಬರಲಿಲ್ಲ. ಜೂನ್ ತಿಂಗಳ ಒಂದು ಸೋಮವಾರ ಗಾಜಿನ ಬಾಗಿಲಿಗೆ ಸರಪಳಿ ಬಿತ್ತು. ಸತ್ಯವ್ವನ ಕೈಯ ಕೀಲಿ ಕಿತ್ತುಕೊಂಡರು. ಹೊರಗೆ ಮುನ್ನೂರು ಮಕ್ಕಳು, ಒಳಗೆ ಕಪಾಟಿನಲ್ಲಿ ಅವರ ಕಾಗದಪತ್ರ. ಸ್ವಂತ ಇಚ್ಛೆಯಿಂದ ಬಿಟ್ಟಿದ್ದೇವೆ ಎಂದು ಸಹಿ ಹಾಕಿದವರಿಗೆ ಮಾತ್ರ ಕೊಡುತ್ತೇವೆ ಎಂದು ಮುರುಗೆಪ್ಪ ಕಿಟಕಿಯಿಂದ ಕೂಗಿದ. ಹುಡುಗರು ಒಪ್ಪದೆ ಮಂಡಳಿಗೆ ದೂರು ಕೊಟ್ಟರು.

ಆಗ ಬಂತು ಆ ನೋಟೀಸು. ಅಂಚೆಯವನು ಓಣಿಯಲ್ಲಿ 'ಪ್ರೊಫೆಸರ್ ಸತ್ಯವತಿ ಯಾರು' ಎಂದು ಮೂರು ಮನೆ ಕೇಳಿ, ನಗಿಸಿಕೊಂಡು, ನಾಲ್ಕನೆಯ ಮನೆಗೆ ಬಂದ. ಮಂಡಳಿ ಹದಿನೈದೂ ಬೋಧಕರಿಗೆ ಎರಡೇ ಪ್ರಶ್ನೆ ಕೇಳಿತ್ತು. ನೀವು ಪಾಠ ಮಾಡಿದ್ದು ನಿಜವೆ? ಮಕ್ಕಳು ತರಗತಿಗೆ ಬರುತ್ತಿದ್ದುದು ನಿಜವೆ? ಬೋಧಕರೇ ಇರಲಿಲ್ಲವೆಂದು ಗೊತ್ತಾದರೆ ಮಕ್ಕಳನ್ನು ಬೇರೆ ಕಾಲೇಜಿಗೆ ವರ್ಷ ಕೆಡದಂತೆ ಸೇರಿಸುತ್ತೇವೆ. ಮಕ್ಕಳೇ ಬರಲಿಲ್ಲವೆಂದಾದರೆ ಅದು ಅವರ ತಪ್ಪು. ಉತ್ತರ ಸ್ವಂತ ಕೈಬರಹದಲ್ಲಿ, ಅರವತ್ತು ದಿನದೊಳಗೆ, ರಜಿಸ್ಟರ್ ಅಂಚೆಯಲ್ಲಿ.

ಸತ್ಯವ್ವ ಅಂದೇ ಕೂತು ಬರೆದಳು. ಒಂದು ಪುಟಕ್ಕೆ ಇಡೀ ಮಧ್ಯಾಹ್ನ ಹೋಯಿತು. 'ನಾನು ಪ್ರೊಫೆಸರ್ ಅಲ್ಲ. ಕಸ ಹೊಡೆಯುವವಳು. ಆರು ಕಡೆ ಸಹಿ ಮಾಡಿದ್ದು ನಾನೇ, ಅದು ನನ್ನ ತಪ್ಪು. ಮಕ್ಕಳು ದಿನಾಲು ಬರುತ್ತಿದ್ದರು. ಅವರಿಗೆ ಕಲಿಸಲು ಯಾರೂ ಬರಲಿಲ್ಲ.' ಲಕೋಟೆಗೆ ಹಾಕಿ ಅಂಟಿಸಿದಳು. ಅಂಟಿಸಿದ ಲಕೋಟೆ ಪೆಟ್ಟಿಗೆಯಲ್ಲಿ ಹಾಗೇ ಉಳಿಯಿತು. ಐವತ್ತು ದಿನ ದಾಟಿದರೂ ಉಳಿಯಿತು.

ಉಳಿದದ್ದು ಮಾಯಾಳಿಗಾಗಿ. ಅವಳಿಗೆ ಧಾರವಾಡದ ಸರಕಾರಿ ಕಾಲೇಜೊಂದರಲ್ಲಿ ಹೊಸದಾಗಿ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಮೂಲ ಅಂಕಪಟ್ಟಿ ತೋರಿಸದಿದ್ದರೆ ಸೀಟು ಹೋಗುತ್ತದೆ. ನಕಲು ಪ್ರತಿಗೆ ಅರ್ಜಿ ಹಾಕಿದರೆ ಬರಲು ನಾಲ್ಕು ತಿಂಗಳು. ಬಸವಕಿರಣ ಹೇಳಿ ಕಳಿಸಿದ್ದ: ತಾನು ಹೇಳಿದಂತೆ ಮಂಡಳಿಗೆ ಬರೆದರೆ ಮಾಯಾಳ ಕಾಗದ ಅಂದೇ ಕೈಗೆ.

"ಹದಿನಾಲ್ಕ ಮಂದಿ ಕಲಿಸೇವಿ ಅಂತ ಬರದ ಕೊಟ್ಟಾರ," ಎಂದಳು ಮಾಯಾ. ಕೋಣೆಯಲ್ಲಿ ನಾಲ್ಕು ಹೆಜ್ಜೆ ಇಡಲು ಜಾಗವಿಲ್ಲ. ಅಷ್ಟರಲ್ಲೇ ಅತ್ತಿಂದಿತ್ತ ಓಡಾಡುತ್ತಿದ್ದಳು. "ನೀ ಒಬ್ಬಾಕಿ ಹರಿಶ್ಚಂದ್ರ ಆಗಬೇಕೇನು?"

"ಮುನ್ನೂರ ಹುಡುಗೂರ ಬಾಳೇ ಐತಿ ಮಾಯಾ."

"ಮುನ್ನೂರ ಮಂದ್ಯಾಗ ಯಾರರ ಒಬ್ರು ನಿನ್ನ ಹೆಸರ ಹಿಡದ ಕರದಾರ? ಇರಿವಿ ಹತ್ತಿದಾಗ ನಕ್ಕವರ ಅವರು."

"ನೀನೂ ಅಲ್ಲೇ ಇದ್ದೆಲಾ."

ಮಾಯಾ ನಿಂತಳು. ಕೊಡ ತೆಗೆದುಕೊಂಡು ನಲ್ಲಿಗೆ ಹೋಗಿಬಿಟ್ಟಳು. ಎರಡು ದಿನ ತಾಯಿ ಮಗಳ ನಡುವೆ ಮಾತಿರಲಿಲ್ಲ.

ಮೂರನೆಯ ದಿನ ಹೆಬ್ಬಳ್ಳಿಯಿಂದ ಸಿದ್ದಪ್ಪ ಎಂಬ ರೈತ ಮಗಳು ಆರತಿಯನ್ನು ಮುಂದೆ ಮಾಡಿಕೊಂಡು ಬಂದ. ಒಳ್ಳೆಯ ಕುಳ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಆರತಿ ಮೂರು ವರ್ಷ ಸಿರಿವರ್ಣದಲ್ಲಿದ್ದವಳು. ಅವಳ ಕೈಯಲ್ಲಿ ಶಾಲೆಯ ಹಳೆಯ ಪುಸ್ತಿಕೆ ಇತ್ತು.

"ಅಕ್ಕೋರ ಅದಾರೇನ್ರಿ?" ಸಿದ್ದಪ್ಪ ಹೊರಗಿನಿಂದಲೇ ಕೈ ಮುಗಿದ. "ನಿಮ್ಮ ಫೋಟೋ ನೋಡೇ ಹುಡುಗೀನ ಕಳಿಸಿದೆ ನಾನು. ತಲಿ ತುಂಬ ಸೆರಗ ಹೊತಗೊಂಡಾರ, ವಯಸ್ಸಾದ ಹೆಣಮಗಳು, ಇಂಥಾವರ ಇದ್ದಲ್ಲಿ ನನ್ನ ಮಗಳಿಗೆ ಏನೂ ಆಗೂದಿಲ್ಲ ಅಂತ. ಈಗ ಆ ಕಿರಣ ಸಾಹೇಬ ಅಂತಾನ, ನಿನ್ನ ಮಗಳ ಸಾಲೀಗೇ ಬಂದಿಲ್ಲ, ಹುಡುಗೂರ ಸಂಗಾಟ ತಿರಗ್ಯಾಳ ಅಂತ. ಇಕಿ ಅಂತಾಳ, ಕಲಸವರ ಇರಲಿಲ್ಲ ಅಂತ. ಯಾರದ ಖರೇ ಅನ್ನಲಿ? ಊರಾಗ ಬಾಯಿಗೊಂದ ಮಾತ ಆಗೇತಿ. ಇಕಿ ಸುಳ್ಳಾದ್ರ ಈ ದೀಪಾವಳಿ ಮುಗದ ಕೂಡ್ಲೆ ಮದಿವಿ ಮಾಡಿ ಕೈ ತೊಳಕೋತೇನಿ. ನಿಮ್ಮ ಬಾಯಿಲೆ ಹೇಳ್ರಿ ಅಕ್ಕೋರ."

"ನಾ ಅಕ್ಕೋರ ಅಲ್ರಿ ಯಪ್ಪಾ. ನಾ ಅಲ್ಲಿ ಕಸಾ ಹೊಡಿತಿದ್ದೆ."

ಸಿದ್ದಪ್ಪ ಪುಸ್ತಿಕೆ ನೋಡಿದ, ಅವಳನ್ನು ನೋಡಿದ. ಆಮೇಲೆ ಅವಳ ಹೆಗಲಾಚೆ ಒಳಗೋಡೆಯ ಮೇಲಿದ್ದ ಬುದ್ಧ, ಅಂಬೇಡ್ಕರರ ಪಟಗಳನ್ನು ನೋಡಿದ. ಮುಗಿದಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಸತ್ಯವ್ವ ತಂಬಿಗೆಯಲ್ಲಿ ನೀರು ತಂದಳು.

"ಬ್ಯಾಡ. ಈಗರ ಕುಡದ ಬಂದೇವಿ," ಎಂದ ಸಿದ್ದಪ್ಪ. ಬಹುವಚನ ಹೋಗಿತ್ತು ಅವನ ದನಿಯಿಂದ.

ಆರತಿ ತಂದೆಯ ಪಕ್ಕದಿಂದ ಕೈ ಚಾಚಿ ತಂಬಿಗೆ ಇಸಿದುಕೊಂಡಳು. ಅವನು ನೋಡುತ್ತಿದ್ದಂತೆ ಗಟಗಟ ಅರ್ಧ ಕುಡಿದಳು.

"ನಿಮ್ಮ ಮಗಳ ದಿನಾ ಬಂದಾಳ್ರಿ," ಎಂದಳು ಸತ್ಯವ್ವ. "ಎಂಟಕ್ಕ ನಾ ಕೀಲಿ ತಗ್ಯಾಕ ಹೋದ್ರ ಬಾಗಲದಾಗ ನಿಂತಿರ್ತಿದ್ಳು. ಹೆಬ್ಬಳ್ಳಿ ಮೊದಲನೇ ಬಸ್ಸಿಗೆ ಬರಾಕಿ. ಸಂಜಿತನ ಒಬ್ಬಾಕಿನ ಕುಂತ ಚಿತ್ರಾ ಬರದ ಹೋಗಾಕಿ. ಹುಡುಗೂರ ಸಂಗಾಟ ತಿರಗ್ಯಾಳ ಅಂದವನ ನಾಲಿಗಿಗೆ ಹುಳಾ ಬೀಳ್ಲಿ."

ಸಿದ್ದಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ. "ಇಷ್ಟ ಆ ಬೆಂಗಳೂರವರಿಗೆ ಬರದ ಕೊಡಬೇ. ಊರಾಗ ತೋರಸಾಕ ನನಗೂ ಒಂದ ಆಧಾರ ಬೇಕು," ಎಂದ.

ಸತ್ಯವ್ವ ತಿರುಗಿ ನೋಡಿದಳು. ಒಳಗೆ ಮಾಯಾ ಬೆನ್ನು ಮಾಡಿ ಕೂತಿದ್ದಳು. ತಂದೆ ಮಗಳು ಓಣಿ ತಿರುಗುವ ತನಕ ಸತ್ಯವ್ವ ಬಾಗಿಲಲ್ಲೇ ನಿಂತಿದ್ದಳು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಪಾತ್ರೆ ತೊಳೆದದ್ದನ್ನೇ ಮತ್ತೆ ತೊಳೆದಳು. ಪೆಟ್ಟಿಗೆ ತೆಗೆದಳು, ಮುಚ್ಚಿದಳು. ರಸ್ತೆಗೆ ಹೋದರೆ ಹರಿದುಹೋದ ಫಲಕವೊಂದರಲ್ಲಿ ಅವಳ ಅರ್ಧ ಮುಖ ಇನ್ನೂ ಇತ್ತು, ಬರ್ರಿ ಬರ್ರಿ ಎಂದು ಮಕ್ಕಳನ್ನು ಕರೆಯುವಂತೆ.

ಐವತ್ತೊಂಬತ್ತನೆಯ ದಿನ ಮುರುಗೆಪ್ಪ ಕರೆಯಲು ಬಂದ. ಸತ್ಯವ್ವ ಪೆಟ್ಟಿಗೆಯ ಲಕೋಟೆಯನ್ನು ಕೈಚೀಲಕ್ಕೆ ಹಾಕಿಕೊಂಡಳು, ದಾರಿಯಲ್ಲಿ ಎಲ್ಲಾದರೂ ಹರಿದು ಎಸೆಯಬೇಕೆಂದೇ. ಮಾಯಾಳಿಗೆ, "ದೊಡ್ಡ ಪೋಸ್ಟಿಗೆ ಬಾ. ನಿನ್ನ ಕಾಗದ ಅಲ್ಲೇ ಕೊಡತಾರಂತ," ಎಂದಳು.

ಸಿರಿವರ್ಣದ ಬೋರ್ಡು ಇಳಿಸಿ ಗೋಡೆಗೆ ಒರಗಿಸಿದ್ದರು. ಕಟ್ಟಡ ಮದುವೆ ಹಾಲ್ ಆಗುವುದಿತ್ತು. ಬಸವಕಿರಣ ಮೊದಲ ಸಲ ಅವಳಿಗೆ ಕುರ್ಚಿ ತೋರಿಸಿದ.

"ಕುಂದರು, ಕುಂದರು. ಚಹಾ ತರಸಲೇನು? ನಾ ಹೇಳತೇನಿ, ನೀ ಬರಕೋತ ಹೋಗು."

ಅವಳು ಬರೆದಳು. 'ನಾನು ಸಿರಿವರ್ಣದಲ್ಲಿ ಮೂರು ವರ್ಷ ಹಸ್ತಕಲೆಯ ಪಾಠ ಮಾಡಿದ್ದೇನೆ.' ಅಕ್ಷರ ಡೊಂಕಾಗದಂತೆ ನಿಧಾನವಾಗಿ ಬರೆದಳು.

"ಮುಂದ ಬರಿ. ವಿದ್ಯಾರ್ಥಿಗಳು ತರಗತಿಗೆ ಸರಿಯಾಗಿ ಬರುತ್ತಿರಲಿಲ್ಲ."

ಪೆನ್ನು ನಿಂತಿತು.

"ನಾ ಕಲಿಸೇನಿ ಅಂದದ್ದು ನನ್ನ ಸುಳ್ಳ, ನಾ ಹೊರತೇನ್ರಿ. ಹುಡುಗೂರ ಬರಲಿಲ್ಲ ಅಂತ ಹೆಂಗ ಬರೀಲ್ರಿ? ದಿನಾ ಬಾಗಲಾ ತಗದಾಕಿ ನಾನು."

"ನಿನ್ನೌನ!" ಬಸವಕಿರಣ ಮೇಜಿಗೆ ಗುದ್ದಿದ. "ಕುರ್ಚಿ ಮ್ಯಾಲೆ ಕುಂದರಿಸಿದ್ರ ನ್ಯಾಯಾ ಮಾತಾಡಾಕ ಹತ್ತೀಯಲಾ, ರಂಡಿ! ಆರ ಕಡೆ ನಿನ್ನ ಸಹಿ ಅದಾವ. ಪೊಲೀಸರ ಮೊದಲ ಯಾರನ್ನ ಎಳಕೊಂಡ ಹೋಗತಾರ, ನನ್ನನ್ನೋ ನಿನ್ನನ್ನೋ? ಮಗಳ ಅಂಕಪಟ್ಟಿ ಇಲ್ಲೇ ನಿನ್ನ ಮುಂದ ಸುಡಲೇನು? ಬರಿ, ಹಲ್ಕಟ್!"

ಅವಳು ಬರೆದಳು. ಅವನು ಓದಿ, ಮಡಚಿ, ಲಕೋಟೆಗೆ ಹಾಕಿ ತಾನೇ ಅಂಟಿಸಿದ. ಮಾಯಾಳ ಕಾಗದಗಳಿದ್ದ ಪ್ಲಾಸ್ಟಿಕ್ ಕವರನ್ನು ಮುರುಗೆಪ್ಪನ ಕೈಗಿಟ್ಟ.

"ರಜಿಸ್ಟರ್ ಮಾಡಿದ ಪಾವತಿ ಚೀಟಿ ಕೈಗೆ ಬಂದ ಮ್ಯಾಲೆ ಕೊಡು. ಮೊದಲ ಕೊಡಬ್ಯಾಡ. ಈ ಜಾತಿನ ನಂಬಾಕ ಬರೂದಿಲ್ಲ."

ದೊಡ್ಡ ಪೋಸ್ಟಿನಲ್ಲಿ ಸಾಲು ಬಾಗಿಲ ತನಕ ಇತ್ತು. ಮಾಯಾ ಮೊದಲೇ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ತಾಯಿಯನ್ನು ನೋಡಲಿಲ್ಲ, ಮುರುಗೆಪ್ಪನ ಕೈಯ ಕವರನ್ನೇ ನೋಡಿದಳು. ಪ್ಲಾಸ್ಟಿಕ್ಕಿನ ಒಳಗಿನಿಂದ ಅವಳ ಫೋಟೋ ಕಾಣುತ್ತಿತ್ತು, ಎರಡು ಜಡೆಯದು.

ಸಾಲು ಒಂದೊಂದೇ ಹೆಜ್ಜೆ ಸರಿಯಿತು. ಸತ್ಯವ್ವನ ಬಲಗೈಯಲ್ಲಿ ಬಸವಕಿರಣನ ಲಕೋಟೆ. ಎಡಗೈ ಚೀಲದೊಳಗೆ ಇನ್ನೊಂದರ ಅಂಚನ್ನು ಹಿಡಿದಿತ್ತು. ಹರಿಯಲು ಹೊರಟ ಕೈ ದಾರಿಯುದ್ದಕ್ಕೂ ಹರಿದಿರಲಿಲ್ಲ. ಮುಂದೆ ಐದು ಜನ. ಮುಂದೆ ಮೂರು ಜನ. ಅರ್ಧ ತಂಬಿಗೆ ನೀರು ಕುಡಿದ ಹುಡುಗಿ ಕಣ್ಣ ಮುಂದೆ ಬಂದಳು, ಆಮೇಲೆ ಎರಡು ಜಡೆಯ ತನ್ನ ಹುಡುಗಿ, ಮತ್ತೆ ಆ ಹುಡುಗಿ. ಮುಂದೆ ಯಾರೂ ಇರಲಿಲ್ಲ.

"ಕೊಡ್ರಿ ಲಗೂ," ಎಂದಳು ಕಿಟಕಿಯ ಆಚೆಯ ಹೆಣ್ಣುಮಗಳು.

ಸತ್ಯವ್ವ ಬಲಗೈಯ ಲಕೋಟೆಯನ್ನು ಮುರುಗೆಪ್ಪನ ಅಂಗಿಯ ಕಿಸೆಗೆ ತುರುಕಿದಳು.

"ಇದು ನಿಮ್ಮ ಸಾಹೇಬ್ರದು. ಅವರಿಗೆ ಮುಟ್ಟಸ್ರಿ."

ಚೀಲದ ಲಕೋಟೆಯನ್ನು ಕಿಟಕಿಯೊಳಗೆ ತಳ್ಳಿದಳು.

ಮುರುಗೆಪ್ಪನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. "ಏ ಹುಚ್ಚ ರಂಡಿ! ಏನದು? ತಿರುಗಿ ತಗೋ ಅದನ್ನ!" ಎಂದು ಕಿಟಕಿಗೆ ಕೈ ಹಾಕಿದ. ಆ ಹೆಣ್ಣುಮಗಳು ಲಕೋಟೆಯನ್ನು ತನ್ನ ಕಡೆ ಎಳೆದುಕೊಂಡು, "ಕೈ ತಗೀರಿ ಹೊರಗ! ಸರಕಾರಿ ಆಫೀಸ ಇದು," ಎಂದು ಗದರಿದಳು. ಮುರುಗೆಪ್ಪ ಪ್ಲಾಸ್ಟಿಕ್ ಕವರನ್ನು ಮೇಲೆತ್ತಿ ಮಾಯಾಳಿಗೆ ಅಲ್ಲಾಡಿಸಿ ತೋರಿಸಿದ. "ನೋಡವಾ, ನೋಡು ನಿಮ್ಮವ್ವನ ಕೆಲಸಾ. ನೀನರ ಹೇಳು. ಇಲ್ಲಂದ್ರ ಇದು ನಿನಗ ಸಿಗೂದಿಲ್ಲ."

ಹಿಂದಿನಿಂದ ಯಾರೋ, "ನಿಮ್ಮ ಜಗಳಾ ಹೊರಗ ಮಾಡ್ರೀ, ಬಸ್ಸ ಹೋಗತೈತಿ ನಮ್ಮದು," ಎಂದು ಕೂಗಿದರು.

"ಕಳಸೂರ ಹೆಸರ ಬರದೇ ಇಲ್ಲಲ್ಲಬೇ," ಎಂದಳು ಕಿಟಕಿಯವಳು.

"ಸತ್ಯವ್ವ. ಸತ್ಯವ್ವ ಗೋವಿಂದಪ್ಪ. ಬೆಂಗೇರಿ."

"ಮೊಬೈಲ್ ನಂಬರ?"

ಸತ್ಯವ್ವನಿಗೆ ಮೊಬೈಲು ಇರಲಿಲ್ಲ. ಮಗಳತ್ತ ತಿರುಗಲು ಅವಳಿಗೆ ಧೈರ್ಯ ಬರಲಿಲ್ಲ. ಕಿಟಕಿಯ ಕಬ್ಬಿಣದ ಸರಳು ಹಿಡಿದು ನಿಂತಳು.

"ನಂಬರ ಬೇಕಬೇ. ಮುಟ್ಟಿದ್ದು ಮೆಸೇಜ್ ಬರತೈತಿ. ಯಾರದರ ಹೇಳು."

ಮುರುಗೆಪ್ಪ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿಯತೊಡಗಿದ. ಮಾಯಾ ಅವನ ಬೆನ್ನನ್ನು ನೋಡಿದಳು. ಗೇಟಿನ ತನಕ ನೋಡಿದಳು, ಅವನು ಸ್ಕೂಟರ್ ಏರುವ ತನಕ. ಕಂಬ ಬಿಟ್ಟು ಬಂದು, ಸಾಲಿನವರನ್ನು ಮೊಣಕೈಯಿಂದ ಸರಿಸಿ, ತಾಯಿಯ ಮಗ್ಗುಲಲ್ಲಿ ನಿಂತಳು.

"ಒಂಬತ್ತ, ಏಳ, ನಾಲ್ಕ," ಎಂದಳು ಕಿಟಕಿಗೆ. ದನಿ ಒಡೆಯಿತು. ಉಗುಳು ನುಂಗಿ ಉಳಿದ ಏಳನ್ನೂ ಹೇಳಿದಳು.

ಕಿಟಕಿಯವಳು ಒತ್ತಿಕೊಂಡಳು, ಚೀಟಿ ಅಂಟಿಸಿದಳು, ನೋಡದೆಯೇ ಲಕೋಟೆಯನ್ನು ಹಿಂದಿನ ಗೋಣಿಚೀಲಕ್ಕೆ ಎಸೆದಳು.

"ಆತು. ಮುಂದಿನವ್ರ ಬರ್ರಿ."